ಹಂಸಧ್ವನಿಗೆ ಜಾಝ್ ಕಾರ್ಡ್ ಹಾಕಿದರೆ ರಾಗ ಯಾಕೆ ಕೆಡುತ್ತೆ? – ಪ್ರತಿಕ್ರಿಯೆ
ನಿಮ್ಮ ಸಾಗರದ ತಂಡದಲ್ಲಿ ಪಿಟೀಲು ಒಂದೇ ಇದ್ದಾಗ ಚೆನ್ನಾಗಿರುವ ಹಂಸಧ್ವನಿ, ಗಿಟಾರ್ ಸೇರಿದ ಕೂಡಲೇ ಕಲಸಿಹೋಗುತ್ತದೆ ಅಂದಿದ್ದೀರಿ. ಕಾರಣ ಬಹುಶಃ ಗಿಟಾರಿನಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಮೀಟುವ ಕಾರ್ಡ್‌ಗಳು. ಈ ರಾಗದಲ್ಲಿ ಮಧ್ಯಮ (ಮ), ಧೈವತ (ದ) ಎರಡೂ ಇಲ್ಲ. ಷಡ್ಜವನ್ನು (ಸ) ಪಾಶ್ಚಾತ್ಯ ಸ್ವರ ಸಿ ಎಂದಿಟ್ಟುಕೊಂಡರೆ ಸಿಗುವುದು ಸಿ, ಡಿ, ಇ, ಜಿ, ಬಿ ಅಷ್ಟೇ; ಮಧ್ಯಮದ ಎಫ್, ಧೈವತದ ಎ ಇಲ್ಲ. ಜಾಝ್ ನುಡಿಸುವವರ ಕೈ ತಾನಾಗಿ ಹೋಗುವುದು ಡಿ ಮೈನರ್ ಸೆವೆನ್, ಜಿ ಸೆವೆನ್ ಎಂಬ ಕಾರ್ಡ್‌ಗಳಿಗೆ, ಆಮೇಲೆ ಸಿ ಕಡೆಗೆ. ಮೊದಲನೆಯದರಲ್ಲಿ ಎಫ್ ಮತ್ತು ಎ, ಎರಡನೆಯದರಲ್ಲಿ ಎಫ್ ಇದೆ. ರಾಗ ಬಿಟ್ಟ ಸ್ವರಗಳೇ ಅವು! ಪಿಟೀಲು ಎಷ್ಟು ಶುದ್ಧವಾಗಿ ನುಡಿಸಿದರೂ ಹಿಂದಿನಿಂದ ಅವು ಕೇಳುತ್ತಲೇ ಇರುತ್ತವೆ.

ಮೊದಲು ತಂಬೂರಿ ಶ್ರುತಿಗೆ ಪಿಟೀಲು ಮಾತ್ರ ನುಡಿಸಲಿ. ನಂತರ ಗಿಟಾರ್ ಸಿ ಮೇಜರ್ ಸೆವೆನ್ ಒಂದನ್ನೇ ಹಿಡಿಯಲಿ. ಅದು ಕೂತ ಮೇಲೆ ಇ ಮೈನರ್ ಸೆವೆನ್ ಮತ್ತು ಸೆವೆನ್ ಇಲ್ಲದ ಬರೀ ಜಿ ಸೇರಿಸಿ. ಈ ಮೂರರಲ್ಲೇ ಬೇಕಾದಷ್ಟು ಬಣ್ಣವಿದೆ, ಜಾಸ್ತಿ ಬೇಡ. ಬಾಸ್ ನುಡಿಸುವವರೂ ಎಫ್, ಎ ಮುಟ್ಟಬಾರದು. ರಾಗದಿಂದ ಹೊರಗೆ ಹೋಗುವ ಆಸೆಯಿದ್ದರೆ ಸೋಲೋಗೆ ಬೇರೆ ಭಾಗ ಇಟ್ಟುಕೊಳ್ಳಿ, ಪಲ್ಲವಿಗೆ ಮರಳುವ ಜಾಗ ಎಲ್ಲರಿಗೂ ಗೊತ್ತಿರಲಿ.

ಆಮೇಲೂ ಸರಿಹೋಗದಿದ್ದರೆ ನಡೆ, ಅಂದರೆ ತಾಳದ ಪ್ರತಿ ಎಣಿಕೆಯನ್ನು ಎಷ್ಟು ಭಾಗ ಮಾಡುತ್ತೀರಿ ಅನ್ನುವುದನ್ನು ನೋಡಿ. ರೆಕಾರ್ಡಿಂಗ್ ಕೇಳದೆ ಖಚಿತವಾಗಿ ಹೇಳಲಾರೆ, ಆದರೆ ಮೃದಂಗ ಚತುರಶ್ರದಲ್ಲಿದ್ದು (ನಾಲ್ಕರ ನಡೆ) ಡ್ರಮ್ಸ್ ಮೂರರ ತೂಗಾಟದ ಸ್ವಿಂಗ್‌ನಲ್ಲಿದ್ದರೆ ಎಳೆದಾಟ ಗ್ಯಾರಂಟಿ. ಇಬ್ಬರೂ ತಿಶ್ರಕ್ಕೆ (ಮೂರರ ನಡೆ) ಬಂದು ನೋಡಿ. ನಮ್ಮ ಮಳೆಗಾಲದಲ್ಲಿ ಮೃದಂಗದ ಚರ್ಮ ತೇವ ಹೀರಿ ಶ್ರುತಿ ಇಳಿಯುತ್ತದೆ, ಪ್ರತಿ ಹಾಡಿಗೂ ಮುಂಚೆ ಒಮ್ಮೆ ಶ್ರುತಿ ಸೇರಿಸಿಕೊಳ್ಳಿ.