ವೇದಿಕೆಯಲ್ಲಿ ಹೇಳಿದ್ದು, ತವರಿನಲ್ಲಿ ಮುಚ್ಚಿಟ್ಟಿದ್ದು

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಆಪ್ತಸಲಹೆಗೆ ಬರುವ ಮಹಿಳೆಯರಲ್ಲಿ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಕಾಯಿಲೆಯ ವಿಷಯ ಕಚೇರಿಗೆ ಗೊತ್ತಿರುತ್ತದೆ, ಕೆಲವೊಮ್ಮೆ ಇಡೀ ಅಪಾರ್ಟ್‌ಮೆಂಟಿಗೆ ಗೊತ್ತಿರುತ್ತದೆ. ಒಡಹುಟ್ಟಿದವರಿಗೆ ಮಾತ್ರ ಗೊತ್ತಿರುವುದಿಲ್ಲ. ಅಂಥ ಒಂದು ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಯನ್ನು ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲವಾದ್ದರಿಂದ ಅದರ ಹಿಂದಿನ ಕಾರಣಗಳನ್ನೂ ಬರೆಯಬೇಕಾಗಿದೆ.

ಅವರನ್ನು ಸುಮಿತ್ರಾ ಎಂದು ಕರೆಯೋಣ. ಬೆಂಗಳೂರಿನಲ್ಲಿ ಲೆಕ್ಕಪತ್ರ ವಿಭಾಗದ ಉದ್ಯೋಗಿ. ತವರು ತಿಪಟೂರಿನ ಕಡೆ. 2021ರಲ್ಲಿ, ಕೊರೊನಾ ಕಾಲದಲ್ಲಿ, 41ನೆಯ ವಯಸ್ಸಿಗೆ ಎಡ ಸ್ತನದಲ್ಲಿ ಗಡ್ಡೆ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಎಲ್ಲವೂ ಆದವು. ಈಗ ಕಾಯಿಲೆ ಮರುಕಳಿಸದಂತೆ ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ ಮತ್ತು ನಿಗದಿತ ತಪಾಸಣೆ. ಯಾರೂ ಯಾರ ಮನೆಗೂ ಹೋಗದಿದ್ದ ದಿನಗಳಾದ್ದರಿಂದ ತವರಿಗೆ 'ಗರ್ಭಕೋಶದ ಆಪರೇಷನ್' ಎಂದು ಹೇಳಿ ಮುಗಿಸುವುದು ಕಷ್ಟವಾಗಲಿಲ್ಲ. ಮೊದಲು ಹೃದ್ರೋಗಿ ತಾಯಿಗೆ ಆಘಾತವಾಗಬಾರದೆಂದು ಮುಚ್ಚಿಟ್ಟರು. ತಾಯಿ ತೀರಿಕೊಂಡ ಮೇಲೆ ಅಕ್ಕನ ಮಗಳಿಗೆ ಗಂಡು ನೋಡುತ್ತಿದ್ದಾರೆಂದು ಮುಚ್ಚಿಟ್ಟರು.

ಈ ನಡುವೆ ಅವರು ಒಳ್ಳೆಯ ಮಾತುಗಾರ್ತಿಯೆಂದು ಹೆಸರು ಪಡೆದಿದ್ದರು. ಪ್ರತಿ ಅಕ್ಟೋಬರಿನಲ್ಲಿ ನಗರದ ಕಂಪನಿಗಳು ಗುಲಾಬಿ ರಿಬ್ಬನ್ ಕಟ್ಟಿ ಸ್ತನ ಆರೋಗ್ಯದ ಕಾರ್ಯಕ್ರಮ ನಡೆಸುತ್ತವೆ. ಅಲ್ಲಿ ಅವರದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಭಾಷಣ. ಆ ಸುದ್ದಿ ತಿಪಟೂರಿಗೆ ಮುಟ್ಟುವ ಭಯವಿರಲಿಲ್ಲ. ನನ್ನ ಬಳಿ ಬಂದದ್ದು ನಿದ್ರಾಹೀನತೆಗೆ. ಕಾಯಿಲೆ ಮರುಕಳಿಸುವ ಭಯವೇ ಕಾರಣವೆಂದು ಅವರೂ ಅವರ ಪತಿಯೂ ನಂಬಿದ್ದರು. ಆ ಭಯ ಇರದವರು ಇಲ್ಲ. ಮೊದಲ ಭೇಟಿಗಳಲ್ಲಿ ನಾವು ಅದನ್ನೇ ಮಾತನಾಡಿದೆವು. ಆದರೆ ನಿದ್ರೆ ಕೆಡುತ್ತಿದ್ದುದು ತಪಾಸಣೆಯ ಹಿಂದಿನ ರಾತ್ರಿಗಳಲ್ಲಿ ಅಲ್ಲ, ಭಾಷಣದ ನಂತರದ ರಾತ್ರಿಗಳಲ್ಲಿ.

ಇದನ್ನು ಅವರ ಗಮನಕ್ಕೆ ತಂದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ನಡೆದದ್ದನ್ನು ಹೇಳಿದರು. ಭಾಷಣ ಮುಗಿದ ಮೇಲೆ ಹುಡುಗಿಯೊಬ್ಬಳು ಎದ್ದು, "ನಿಮ್ಮ ಅಕ್ಕ ತಂಗಿಯರೂ ಪರೀಕ್ಷೆ ಮಾಡಿಸಿಕೊಂಡರಾ?" ಎಂದು ಕೇಳಿದಳಂತೆ.

"ನಾನು ತಕ್ಷಣ 'ಹೌದು, ಇಬ್ಬರೂ ಮಾಡಿಸಿದ್ದಾರೆ, ಏನೂ ಇಲ್ಲ' ಅಂದುಬಿಟ್ಟೆ ಮೇಡಂ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ತಂಗಿಗೆ ನನಗೆ ಕ್ಯಾನ್ಸರ್ ಆಗಿತ್ತು ಅನ್ನೋದೇ ಗೊತ್ತಿಲ್ಲ."

ಈ ಸುಳ್ಳು ಅಲ್ಲಿಗೆ ನಿಂತಿರಲಿಲ್ಲ. ಮುಂದಿನ ಕಾರ್ಯಕ್ರಮಗಳಲ್ಲಿ ಯಾರೂ ಕೇಳದಿದ್ದರೂ ಅದು ಭಾಷಣದ ಭಾಗವೇ ಆಗಿತ್ತು. ಪರೀಕ್ಷೆ ಮಾಡಿಸಿಕೊಂಡ ಇಬ್ಬರು ಸಹೋದರಿಯರ ಉದಾಹರಣೆ ಕೇಳುವವರಿಗೆ ಧೈರ್ಯ ಕೊಡುತ್ತದೆಂದು ಸಂಘಟಕರೂ ಮೆಚ್ಚಿದ್ದರು. ಅದೇ ಭೇಟಿಯಲ್ಲಿ, ಹೊರಡಲು ಎದ್ದು ನಿಂತಾಗ, ಅವರು ಇನ್ನೊಂದು ಮಾತು ಹೇಳಿದರು. ಅವರ ಚಿಕ್ಕಮ್ಮ, ಅಂದರೆ ತಾಯಿಯ ತಂಗಿ, ನಲವತ್ತು ದಾಟುತ್ತಿದ್ದಂತೆಯೇ 'ಎದೆಯ ಗಡ್ಡೆ'ಯಿಂದ ತೀರಿಕೊಂಡಿದ್ದರು. ಯಾರದೋ ನಾಟಿ ಔಷಧಿಯ ಲೇಪ ಹಚ್ಚಿಕೊಂಡು ತಿಂಗಳುಗಟ್ಟಲೆ ಕಾದಿದ್ದರಂತೆ. ಚಿಕಿತ್ಸೆಯ ಸಮಯದಲ್ಲಿ ವೈದ್ಯರು, ಕಾಯಿಲೆ ವಂಶದಿಂದ ಬಂದದ್ದೇ ಎಂದು ತಿಳಿಯುವ ವಂಶವಾಹಿ ಪರೀಕ್ಷೆಯನ್ನು ಸೂಚಿಸಿದ್ದರು. ಸುಮಿತ್ರಾ ಅದನ್ನೂ ಮುಂದೂಡಿದ್ದರು. ಫಲಿತಾಂಶ ಬಂದರೆ ಹೇಳಲೇಬೇಕಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಕೂರಲು ಹೇಳಿದೆ, ಮುಂದಿನ ಭೇಟಿಯವರೆಗೆ ಕಾಯುವ ವಿಷಯ ಅದಾಗಿರಲಿಲ್ಲ. ನಾನು ಕೊಟ್ಟ ಸಲಹೆ ಇಷ್ಟು: ಅಕ್ಕ ತಂಗಿಗೆ ಹೇಳುವವರೆಗೆ ಭಾಷಣ ನಿಲ್ಲಿಸಿ; ನಿಮಗೆ ಚಿಕಿತ್ಸೆ ನೀಡಿದ ವೈದ್ಯರನ್ನು ಕಂಡು ವಂಶವಾಹಿ ಸಲಹೆಗೆ ಚೀಟಿ ಬರೆಸಿಕೊಳ್ಳಿ; ವೇದಿಕೆಯಲ್ಲಿ ಹೇಳಿದ ಸುಳ್ಳಿಗೆ ಯಾರ ಮುಂದೆಯೂ ತಪ್ಪೊಪ್ಪಿಗೆ ಬೇಕಿಲ್ಲ, ಅದನ್ನು ನಿಜ ಮಾಡಲು ಏನು ಮಾಡಬಹುದೋ ಅದನ್ನು ಮಾಡಿ.

ಸಹೋದ್ಯೋಗಿಯ ಆಕ್ಷೇಪ ಗಂಭೀರವಾದುದೇ. ರೋಗಿಯ ಕಾಯಿಲೆ ರೋಗಿಯ ಸ್ವತ್ತು, ಯಾರಿಗೆ ಹೇಳಬೇಕೆಂಬುದನ್ನು ನಿರ್ಧರಿಸುವವರು ಅವರೇ, ನೀವು ಸಲಹೆಯ ಹೆಸರಿನಲ್ಲಿ ಒತ್ತಡ ಹೇರಿದಿರಿ, ಜೊತೆಗೆ ಒಬ್ಬ ಒಳ್ಳೆಯ ಜಾಗೃತಿ ಕಾರ್ಯಕರ್ತೆಯ ಬಾಯಿ ಮುಚ್ಚಿಸಿದಿರಿ ಎಂದು ಅವರು ಹೇಳಿದರು. ಗೋಪ್ಯತೆಯ ವಿಷಯದಲ್ಲಿ ನನಗೆ ಯಾವ ಗೊಂದಲವೂ ಇಲ್ಲ: ಸುಮಿತ್ರಾ ಬೇಡವೆಂದಿದ್ದರೆ ನಾನು ಅವರ ತಂಗಿಗೆ ಒಂದಕ್ಷರವನ್ನೂ ಹೇಳುತ್ತಿರಲಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ಆದರೆ ಹೇಳುವುದೂ ಬಿಡುವುದೂ ನಿಮ್ಮಿಷ್ಟ ಎಂದು ತಟಸ್ಥಳಾಗಿ ಕೂರುವುದು ಈ ಪ್ರಕರಣದಲ್ಲಿ ನನ್ನಿಂದ ಸಾಧ್ಯವಿರಲಿಲ್ಲ, ಏಕೆಂದರೆ ಇಲ್ಲಿ ಮುಚ್ಚಿಟ್ಟ ಮಾಹಿತಿ ಸುಮಿತ್ರಾ ಒಬ್ಬರ ದೇಹಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಶೇ. 5ರಿಂದ 10ರಷ್ಟು ಮಾತ್ರ ಹುಟ್ಟಿನಿಂದ ಬಂದ ವಂಶವಾಹಿ ದೋಷದಿಂದ ಆಗುತ್ತವೆ. ಹೆಚ್ಚಿನ ರೋಗಿಗಳ ಮನೆತನದಲ್ಲಿ ಈ ಕಾಯಿಲೆಯ ಚರಿತ್ರೆಯೇ ಇರುವುದಿಲ್ಲ. ಹೀಗಾಗಿ 'ನಮ್ಮ ವಂಶದಲ್ಲಿ ಯಾರಿಗೂ ಇಲ್ಲ' ಎಂಬುದು ರಕ್ಷಣೆಯಲ್ಲ, 'ಅವರ ವಂಶದಲ್ಲಿ ಇದೆ' ಎಂದು ಸಂಬಂಧ ಬಿಡುವುದು ವಿವೇಕವೂ ಅಲ್ಲ. ಆದರೆ ತಾಯಿ, ಮಗಳು ಅಥವಾ ಒಡಹುಟ್ಟಿದವಳಿಗೆ ಕಾಯಿಲೆ ಬಂದಿದ್ದರೆ ಮಹಿಳೆಯ ಅಪಾಯ ಸುಮಾರು ಎರಡರಷ್ಟಾಗುತ್ತದೆ. ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಎಂಬ, ಸ್ತನ ಕ್ಯಾನ್ಸರಿಗೆ ನಂಟಿರುವ ವಂಶವಾಹಿಯಲ್ಲಿ ದೋಷವಿದ್ದರಂತೂ ಅದು ಪ್ರತಿ ಮಗುವಿಗೂ ಹರಿಯುವ ಸಾಧ್ಯತೆ ಅರ್ಧಕ್ಕರ್ಧ. ಗಂಡುಮಕ್ಕಳೂ ಅದನ್ನು ಪಡೆಯಬಹುದು, ತಮ್ಮ ಹೆಣ್ಣುಮಕ್ಕಳಿಗೆ ದಾಟಿಸಬಹುದು. ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದ ಇಬ್ಬರು ಒಂದೇ ಕಡೆಯ ಬಂಧುಗಳಾಗಿದ್ದರೆ ಇಂಥ ದೋಷವಿದೆಯೇ ಎಂಬ ಪ್ರಶ್ನೆ ಕೇಳಲೇಬೇಕು. ಸುಮಿತ್ರಾ ಅವರ ತಂಗಿ ಈಗ ಹೆಚ್ಚುಕಡಿಮೆ ಚಿಕ್ಕಮ್ಮ ತೀರಿಕೊಂಡ ವಯಸ್ಸಿನಲ್ಲಿದ್ದಾರೆ.

ಜಾಗೃತಿ ಕಾರ್ಯಕ್ರಮಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅಲ್ಲಿ ಸ್ವಯಂ ಪರೀಕ್ಷೆಯ ಬೆರಳಿನ ಚಲನೆ ತೋರಿಸಿ, ರಿಬ್ಬನ್ ಹಂಚಿ, ಫೋಟೊ ತೆಗೆದರೆ ಕೆಲಸ ಮುಗಿಯಿತೆಂಬ ಭಾವನೆ ಬೆಳೆದಿದೆ. ಶಾಂಘೈ ನಗರದಲ್ಲಿ 2.6 ಲಕ್ಷಕ್ಕೂ ಹೆಚ್ಚು ಮಹಿಳಾ ಕಾರ್ಮಿಕರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಸ್ವಯಂ ಪರೀಕ್ಷೆ ಕಲಿಸಿದ್ದರಿಂದಷ್ಟೇ ಸಾವುಗಳು ಕಡಿಮೆಯಾಗಲಿಲ್ಲ. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 50 ದಾಟಿದ ಮಹಿಳೆಯರಲ್ಲಿ ಸಾವಿನ ಪ್ರಮಾಣ ಶೇ. 30ರ ಹತ್ತಿರದಷ್ಟು ಇಳಿಯಿತು. ತನ್ನ ದೇಹದ ಬದಲಾವಣೆಯನ್ನು ಗುರುತಿಸುವುದು ಅಗತ್ಯವೇ, ಆದರೆ ತಿಳಿವಳಿಕೆ ಕೊನೆಗೆ ಒಬ್ಬ ಮಹಿಳೆಯನ್ನು ಪರೀಕ್ಷಿಸುವ ಕೈಗಳವರೆಗೆ ತಲುಪಿಸಬೇಕು. ಸುಮಿತ್ರಾ ಅವರ ಮಾತು ಯಾರನ್ನು ಹಾಗೆ ಖಚಿತವಾಗಿ ತಲುಪಿಸಬಲ್ಲದು? ಸಭಾಂಗಣದಲ್ಲಿ ಕುಳಿತ ಅಪರಿಚಿತರಿಗಿಂತ ಮೊದಲು, ಜೊತೆಯಲ್ಲಿ ಹುಟ್ಟಿದ ಇಬ್ಬರನ್ನು. ಇದೇ ನನ್ನ ಸಲಹೆಯ ಹಿಂದಿದ್ದ ಯೋಚನೆ. ಚಿಕಿತ್ಸೆ ಮುಗಿಸಿದ ಪ್ರತಿಯೊಬ್ಬರೂ ವೇದಿಕೆಯೇರಿ ಧೈರ್ಯ ಹಂಚಬೇಕೆಂಬ ನಿರೀಕ್ಷೆಯನ್ನೂ ನಾನು ಒಪ್ಪುವುದಿಲ್ಲ. ಅದು ಕಾಯಿಲೆಯ ಮೇಲೆ ಹೊರಿಸುವ ಇನ್ನೊಂದು ಹೊರೆ.

ಹೇಗೆ ಹೇಳುವುದೆಂಬುದಕ್ಕೆ ಹೆಚ್ಚು ಸಮಯ ಕೊಟ್ಟೆವು. ಹಬ್ಬದ ಮನೆಯಲ್ಲಿ ಬೇಡ, ಫೋನಿನಲ್ಲಿ ಬೇಡ, ಅಕ್ಕ ತಂಗಿ ಇಬ್ಬರನ್ನೂ ಒಂದೇ ದಿನ ಕೂರಿಸಿಕೊಂಡು ಹೇಳಿ ಎಂದೆ. ಯಾವ ವಯಸ್ಸಿನಲ್ಲಿ, ಯಾವ ಬಗೆಯ ಕ್ಯಾನ್ಸರ್, ಈಗ ಸ್ಥಿತಿ ಏನು, ಚಿಕ್ಕಮ್ಮನದೂ ಬಹುಶಃ ಇದೇ ಆಗಿತ್ತು ಎಂಬುದನ್ನು ಮೊದಲು ಹೇಳಬೇಕು. ಅಳು, ಕ್ಷಮೆ ಆಮೇಲೆ. ನಂತರ ಅವರು ನೋಡಬೇಕಾದ ಲಕ್ಷಣಗಳು: ನೋವಿಲ್ಲದ ಗಂಟು, ಕಂಕುಳಲ್ಲಿ ಗಂಟು, ಚರ್ಮ ಒಳಗೆ ಸೆಳೆದುಕೊಂಡಂತಾಗುವುದು, ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ ಬೆರೆತ ಸ್ರಾವ. ನೋವಿಲ್ಲವೆಂಬ ಕಾರಣಕ್ಕೇ ಕಡೆಗಣಿಸುವವರು ಬಹಳ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೆ ಕಾಯಿಲೆ ಹರಡುತ್ತದೆಂಬುದು ಸುಳ್ಳು ಎಂಬ ಎರಡು ಮಾತನ್ನೂ ಬರೆದುಕೊಂಡು ಹೋಗಲು ಹೇಳಿದೆ.

ಸುಮಿತ್ರಾ ಹೇಳಿದರು. ಅಕ್ಕ ಅತ್ತರು, ಆಮೇಲೆ ತುಮಕೂರಿಗೆ ಹೋಗಿ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿಕೊಂಡರು, ವರದಿಯಲ್ಲಿ ತೊಂದರೆಯಿಲ್ಲ. ತಂಗಿಗೆ ಬಂದದ್ದು ಸಿಟ್ಟು. ಗರ್ಭಕೋಶದ ಆಪರೇಷನ್ ಎಂದು ನಂಬಿ ಹರಕೆ ಹೊತ್ತು, ಅದನ್ನು ತೀರಿಸಿಯೂ ಬಂದಿದ್ದವಳು ನಾನು ಎಂಬುದೇ ಅವರ ದೂರು. ಅವರಿನ್ನೂ ಪರೀಕ್ಷೆಗೆ ಒಪ್ಪಿಲ್ಲ. ಸರ್ಕಾರದ ಕಾರ್ಯಕ್ರಮದಡಿ 30 ದಾಟಿದ ಮಹಿಳೆಯರಿಗೆ ಸ್ತನ ಪರೀಕ್ಷೆಯ ವ್ಯವಸ್ಥೆ ಇದೆ, ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವಂತೆ ತಿಳಿಸಿ, ಆದರೆ ಅವರ ಮಟ್ಟಿಗೆ ಅದು ಮೊದಲ ಹೆಜ್ಜೆ ಮಾತ್ರ, ತಜ್ಞರನ್ನು ಕಾಣಲೇಬೇಕು ಎಂದಿದ್ದೇನೆ. ಅಕ್ಕನ ಮಗಳ ಸಂಬಂಧ ಮುರಿಯಲಿಲ್ಲ. ಗಂಡಿನ ಕಡೆಯವರಿಗೆ ಯಾರೂ ಇದನ್ನು ಹೇಳಿಯೇ ಇಲ್ಲ, ಹೇಳಬೇಕೆಂದು ನಾನೂ ಸೂಚಿಸಿಲ್ಲ.

ಸುಮಿತ್ರಾ ವಂಶವಾಹಿ ಪರೀಕ್ಷೆಗೆ ರಕ್ತ ಕೊಟ್ಟಿದ್ದಾರೆ. ಪತಿಗೆ ನನ್ನ ಮೇಲೆ ಅಸಮಾಧಾನ ಉಳಿದಿದೆ, ಏಕೆಂದರೆ ಮುಂದಿನ ಸರದಿ ಅವರ ಮಗಳದು. ಅವಳಿಗೆ 19. ತಾಯಿಯಲ್ಲಿ ದೋಷ ಕಂಡರೆ ಮಗಳೂ ಪರೀಕ್ಷೆ ಮಾಡಿಸಿಕೊಳ್ಳಬಹುದು. ಅವಳಲ್ಲೂ ಇದ್ದರೆ ಸಾಮಾನ್ಯವಾಗಿ 25ರಿಂದ ಎಂ.ಆರ್.ಐ. ತಪಾಸಣೆಗೆ ಸೂಚಿಸುತ್ತಾರೆ, ಅಂದರೆ ಯೋಚಿಸಲು ಸಮಯವಿದೆ. ವರದಿ ಬಂದ ಮೇಲೆ ಅವಳಿಗೆ ಯಾರು, ಎಷ್ಟು ಹೇಳಬೇಕೆಂದು ಮಾತನಾಡಲು ಪತಿ ಪತ್ನಿ ಇಬ್ಬರೂ ಒಟ್ಟಿಗೆ ಬರಲು ಒಪ್ಪಿದ್ದಾರೆ.