ಕೈತೋಟದ ಅಂಚೆ: ಕರಾವಳಿಯ ಮನೆಯಲ್ಲಿ ಆರ್ಕಿಡ್

ಮಳೆಗಾಲ ಶುರುವಾದ ಮೇಲೆ ನಮಗೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಆರ್ಕಿಡ್‌ಗಳ ಬಗೆಗೇ ಇವೆ. ಜನವರಿಯಲ್ಲಿ ಹೂ ಸಮೇತ ಮನೆಗೆ ಬಂದ ಗಿಡ ಆಟಿ ತಿಂಗಳ (ಜುಲೈ–ಆಗಸ್ಟ್) ಹೊತ್ತಿಗೆ ಕೊಳೆಯತೊಡಗಿದೆ ಎಂಬುದು ಹೆಚ್ಚಿನವರ ಅಳಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಎರಡು ವರ್ಷಗಳ ಹಿಂದೆ ಬಿಳಿ ಹೂವಿನ ಫಲೆನಾಪ್ಸಿಸ್ ಗಿಡವೊಂದನ್ನು ಕೊಂಡು ತಂದೆ. ಹೂಗಳು ಎರಡೂವರೆ ತಿಂಗಳು ಬಾಡದೆ ಉಳಿದವು. ಅನಂತರ ಎಲೆಗಳು ಬರುತ್ತಿವೆಯೇ ಹೊರತು ಹೂವಿನ ಸುಳಿವೇ ಇಲ್ಲ. ನಮ್ಮದು ಐದನೆಯ ಮಹಡಿಯ ಫ್ಲ್ಯಾಟ್, ಬಾಲ್ಕನಿ ಪೂರ್ವಕ್ಕಿದೆ. ಗೊಬ್ಬರ ಬದಲಿಸಬೇಕೇ?
— ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ತಪ್ಪು ಗೊಬ್ಬರದ್ದಲ್ಲ, ನಿಮ್ಮದೂ ಅಲ್ಲ, ನಮ್ಮ ಊರಿನ ಸೆಕೆಯದ್ದು. ಫಲೆನಾಪ್ಸಿಸ್ ಹೂವಿನ ಕಡ್ಡಿ ಬಿಡಬೇಕಾದರೆ ಅದರ ಸುತ್ತಲಿನ ಉಷ್ಣತೆ ಕೆಲವು ವಾರಗಳ ಕಾಲ ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು. ವ್ಯಾಪಾರಕ್ಕೆ ಬೆಳೆಸುವವರು ಗಿಡಗಳನ್ನು ತಂಪುಗೊಳಿಸಿದ ಪಾಲಿಹೌಸ್‌ಗಳಲ್ಲಿಟ್ಟು, ಕಡ್ಡಿ ಹೊರಟ ಮೇಲೆಯೇ ಮಾರುಕಟ್ಟೆಗೆ ಕಳುಹಿಸುತ್ತಾರೆ. ಮಂಗಳೂರಿನಲ್ಲಿ ಡಿಸೆಂಬರಿನ ರಾತ್ರಿ 21–22 ಡಿಗ್ರಿಗೆ ಇಳಿದರೂ ಮರುದಿನ ಮಧ್ಯಾಹ್ನ 32 ದಾಟುತ್ತದೆ, ಮತ್ತು ಆ ಹಗಲಿನ ಬಿಸಿಯೇ ಕಡ್ಡಿಯನ್ನು ತಡೆಯುತ್ತದೆ. ಹೀಗಾಗಿ ಗಿಡ ಆರೋಗ್ಯವಾಗಿಯೇ ಇದ್ದು, ಎಲೆಯ ಮೇಲೆ ಎಲೆ ಬಿಡುತ್ತ ಹೋಗುತ್ತದೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಅದನ್ನು ಬಿಸಿಲು ಮುಟ್ಟದ, ಮುಂಜಾವದ ತಂಪು ಗಾಳಿ ಸುಳಿಯುವ ಮೂಲೆಯಲ್ಲಿಟ್ಟು ನೋಡಬಹುದು. ಒಮ್ಮೊಮ್ಮೆ ಕಡ್ಡಿ ಬಂದೀತು. ಬರುತ್ತದೆ ಎಂದು ನಾನು ಮಾತು ಕೊಡಲಾರೆ.

ಅದಕ್ಕಿಂತ ಮೊದಲು ಕುಂಡವನ್ನು ನೋಡಿ. ಅಂಗಡಿಯಿಂದ ಬರುವ ಗಿಡದ ಬೇರುಗಳನ್ನು ಸಾಮಾನ್ಯವಾಗಿ ಒದ್ದೆ ಪಾಚಿಯಲ್ಲಿ ಬಿಗಿಯಾಗಿ ಸುತ್ತಿ ಪ್ಲಾಸ್ಟಿಕ್ ಕುಂಡದಲ್ಲಿ ತುರುಕಿರುತ್ತಾರೆ. ಒಣ ಹವೆಯ ಊರುಗಳಲ್ಲಿ ಈ ಪಾಚಿ ನಾಲ್ಕೈದು ದಿನಗಳಲ್ಲಿ ಆರುತ್ತದೆ, ನಮ್ಮಲ್ಲಿ ಜುಲೈ ತಿಂಗಳಲ್ಲಿ ಹದಿನೈದು ದಿನ ಕಳೆದರೂ ಆರುವುದಿಲ್ಲ. ಆರ್ಕಿಡ್‌ನ ಬೇರು ಮಣ್ಣಿನೊಳಗೆ ಇಳಿಯುವ ಬೇರಲ್ಲ. ಕಾಡಿನಲ್ಲಿ ಅದು ಮರದ ತೊಗಟೆಗೆ ಅಂಟಿಕೊಂಡು, ಮಳೆ ಬಂದಾಗ ನೆನೆದು, ಮಳೆ ನಿಂತೊಡನೆ ಗಾಳಿಗೆ ಆರುತ್ತದೆ. ಬೇರಿನ ಮೇಲೆ ಸ್ಪಂಜಿನಂತಹ ಹೊದಿಕೆಯೊಂದಿದೆ. ಒಣಗಿದಾಗ ಅದು ಬೆಳ್ಳಿಯಂತಹ ಬೂದು ಬಣ್ಣಕ್ಕಿರುತ್ತದೆ, ಒಂದು ಚಮಚ ನೀರು ಬಿಟ್ಟರೆ ನಿಮ್ಮ ಕಣ್ಣೆದುರೇ ಹಸಿರಾಗುತ್ತದೆ. ನೀರು ಯಾವಾಗ ಹಾಕಬೇಕೆಂದು ಕೇಳುವವರಿಗೆಲ್ಲ ನಾನು ಹೇಳುವುದು ಇಷ್ಟೇ: ಬೇರು ಹಸಿರಿದ್ದರೆ ಬೇಡ, ಬೂದಾಗಿದ್ದರೆ ಹಾಕಿ. ವಾರಕ್ಕೆ ಎರಡು ಸಲ ಎಂಬಂತಹ ಲೆಕ್ಕ ಮೇ ತಿಂಗಳಿಗೂ ಜುಲೈ ತಿಂಗಳಿಗೂ ಒಂದೇ ಆಗಿರಲು ಸಾಧ್ಯವಿಲ್ಲ.

ಪಾಚಿಯನ್ನು ಬಿಡಿಸಿ ತೆಗೆದು, ಬೆರಳಿನಿಂದ ಒತ್ತಿದಾಗ ಮೆತ್ತಗಾಗಿ ಸಿಪ್ಪೆ ಕಳಚಿಕೊಂಡು ನಡುವಿನ ನೂಲು ಮಾತ್ರ ಉಳಿಯುವ ಬೇರುಗಳನ್ನು ಕತ್ತರಿಸಿಹಾಕಿ. ಗಟ್ಟಿಯಾದವು ಉಳಿಯಲಿ. ಪಕ್ಕಗಳಲ್ಲೂ ತೂತುಗಳಿರುವ ಚಿಕ್ಕ ಮಣ್ಣಿನ ಕುಂಡಕ್ಕೆ ಇದ್ದಿಲು ಮತ್ತು ಹೆಂಚಿನ ಚೂರುಗಳನ್ನು ತುಂಬಿ ಗಿಡವನ್ನು ಅದರಲ್ಲಿ ನಿಲ್ಲಿಸಿ. ಹೆಂಚಿಗೆ ನಮ್ಮಲ್ಲಿ ಕೊರತೆಯಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಊರಿನ ಹಿತ್ತಲುಗಳಲ್ಲಿ ಒಡೆದ ಹೆಂಚು ಬಿದ್ದೇ ಇದೆ, ಮತ್ತು ನೀರನ್ನು ತುಸುವೇ ಹೀರಿ ಮೆಲ್ಲಗೆ ಬಿಟ್ಟುಕೊಡುವ ಈ ಹಳೆಯ ಚೂರುಗಳಷ್ಟು ಒಳ್ಳೆಯ ವಸ್ತುವನ್ನು ಅಂಗಡಿಯ ಪೊಟ್ಟಣಗಳಲ್ಲಿ ನಾನು ಕಂಡಿಲ್ಲ.

ಹೂ ಬೇಕೆಂಬುದೇ ನಿಮ್ಮ ಆಸೆಯಾದರೆ ಕರಾವಳಿಯ ಸೆಕೆಯನ್ನು ಇಷ್ಟಪಡುವ ಗಿಡಗಳನ್ನು ಆರಿಸಿಕೊಳ್ಳಿ. ಸೋನಿಯಾ ಮುಂತಾದ ಡೆಂಡ್ರೋಬಿಯಂ ಮಿಶ್ರತಳಿಗಳು, ಹಳದಿ ಹೂಗಳ ಆನ್ಸಿಡಿಯಂ, ಅಂಗೈ ಅಗಲದ ಜಾಗದಲ್ಲಿ ಬೆಳೆಯುವ ಆಸ್ಕೊಸೆಂಟ್ರಮ್ ಇವೆಲ್ಲ ಬಾಲ್ಕನಿಗೆ ಹೊಂದುತ್ತವೆ. ಪೂರ್ವದ ಬೆಳಗಿನ ಬಿಸಿಲು ಇವಕ್ಕೆ ಹಿತ. ಹತ್ತು ಗಂಟೆಯ ನಂತರದ ಬಿಸಿಲಿಗೆ ಶೇ. 50ರ ಶೇಡ್ ನೆಟ್ ಸಾಕು.

ಪ್ರಶ್ನೆ: ನನ್ನ ಡೆಂಡ್ರೋಬಿಯಂ ಗಿಡದ ಹೊಸ ಚಿಗುರುಗಳು ಜುಲೈ ತಿಂಗಳಲ್ಲಿ ಬುಡದಿಂದ ಕಪ್ಪಾಗಿ, ಮುಟ್ಟಿದರೆ ಕೈಗೆ ಬರುತ್ತಿವೆ. ತೋಟದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಉಳಿದ ಬೋರ್ಡೊ ದ್ರಾವಣವನ್ನೇ ಸಿಂಪಡಿಸಬಹುದೇ?
— ಕೃಷಿಕರು, ಹೆಬ್ರಿ

ಉತ್ತರ: ನಿಮ್ಮ ಊಹೆ ಅರ್ಧ ಸರಿ. ಅಡಿಕೆಯ ಕೊಳೆರೋಗಕ್ಕೂ ಆರ್ಕಿಡ್‌ನ ಈ ಕಪ್ಪು ಕೊಳೆಗೂ ಕಾರಣ ಫೈಟಾಫ್ತೊರಾ ಎಂಬ ಒಂದೇ ಕುಲದ ರೋಗಾಣುಗಳು. ಎರಡೂ ಬರುವುದು ಬಿಡದೆ ಸುರಿಯುವ ಮಳೆಯಲ್ಲಿ, ಹರಡುವುದು ಸಿಡಿಯುವ ಹನಿಗಳ ಮೂಲಕ. ಆದರೆ ಬೋರ್ಡೊ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಡೆಂಡ್ರೋಬಿಯಂನ ಎಳೆ ಚಿಗುರಿಗೆ ತಾಮ್ರ ಒಗ್ಗುವುದಿಲ್ಲ. ರೋಗ ಬಿಟ್ಟ ಚಿಗುರನ್ನು ಮದ್ದು ಸುಡುತ್ತದೆ. ದಯವಿಟ್ಟು ಅದನ್ನು ಅಡಿಕೆಗೇ ಬಿಡಿ.

ಮಾಡಬೇಕಾದದ್ದು ಹೀಗೆ. ಬ್ಲೇಡನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ ಆರಿಸಿ, ಕಪ್ಪಾದ ಭಾಗಕ್ಕಿಂತ ಒಂದು ಅಂಗುಲದಷ್ಟು ಆಚೆಗೆ, ಒಳಗಿನ ತಿರುಳು ಕಲೆಯಿಲ್ಲದೆ ಬೆಳ್ಳಗೋ ಹಸಿರಾಗಿಯೋ ಕಾಣುವವರೆಗೆ ಕತ್ತರಿಸಿ. ಪ್ರತಿ ಕಡಿತಕ್ಕೂ ಬ್ಲೇಡನ್ನು ಮತ್ತೆ ಕಾಯಿಸಬೇಕು, ಇಲ್ಲವಾದರೆ ರೋಗವನ್ನು ನೀವೇ ಮುಂದಿನ ಕಾಂಡಕ್ಕೆ ಒಯ್ದಂತಾಗುತ್ತದೆ. ಗಾಯಕ್ಕೆ ಅಡುಗೆಮನೆಯ ದಾಲ್ಚಿನ್ನಿಯ ಪುಡಿ ಹಚ್ಚಿ, ಆದರೆ ಬೇರಿಗೆ ತಾಗಿಸಬೇಡಿ, ಅದು ಬೇರನ್ನು ಒಣಗಿಸುತ್ತದೆ. ಐದಾರು ದಿನ ಒಂದು ಹನಿ ನೀರೂ ಬೇಡ. ರೋಗ ಹಲವು ಕಾಂಡಗಳಿಗೆ ಹಬ್ಬಿದ್ದರೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿರುವ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂನಂತೆ ಕರಗಿಸಿ, ಮಳೆ ತಾಗದ ಜಾಗದಲ್ಲಿಟ್ಟು ಸಿಂಪಡಿಸಿ.

ಮದ್ದಿಗಿಂತ ಮುಖ್ಯವಾದದ್ದು ಮಾಡು, ಅಂದರೆ ಮೇಲಿನ ಸೂರು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಗಳಿವು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುತ್ತದೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ದೈವಗಳ ಕೋಲ ನಿಲ್ಲುವಂತೆ ನನ್ನ ಆರ್ಕಿಡ್‌ಗಳೂ ಆ ವಾರದಲ್ಲೇ ಅಂಗಳ ಬಿಟ್ಟು ಪಾರದರ್ಶಕ ಶೀಟಿನ ಕೆಳಗೆ ಸೇರುತ್ತವೆ. ಈ ಶಿಸ್ತು ನನಗೆ ಸುಲಭವಾಗಿ ಬಂದದ್ದಲ್ಲ. ಒಂದು ಆಟಿಯಲ್ಲಿ ಎಂಟು ದಿನ ಊರಲ್ಲಿಲ್ಲದಾಗ ಕುಂಡಗಳನ್ನು ಜಗಲಿಯ ಹೊರ ಅಂಚಿನಲ್ಲಿ ಸಾಲಾಗಿಟ್ಟು ಹೋಗಿದ್ದೆ. ಮಳೆ ನೇರವಾಗಿ ಬೀಳದಿದ್ದರೂ ಮಾಡಿನ ಅಂಚಿನಿಂದ ಇಳಿದ ನೀರು ಅವುಗಳ ಸುಳಿಯೊಳಗೇ ಹನಿಯುತ್ತಿತ್ತೆಂಬುದು ತಿಳಿದದ್ದು, ಮರಳಿ ಬಂದು ಮೊದಲ ಎಲೆಯನ್ನು ಹಿಡಿದೊಡನೆ ಅದು ಕೆಟ್ಟ ವಾಸನೆಯೊಂದಿಗೆ ಬುಡ ಬಿಟ್ಟು ಬಂದಾಗ. ಹನ್ನೊಂದರಲ್ಲಿ ಉಳಿದದ್ದು ನಾಲ್ಕು. ಕುಂಡಗಳ ನಡುವೆ ಒಂದು ಗೇಣಿನಷ್ಟು ಅಂತರವಿರಲಿ, ನೆಲದ ಮೇಲಿಡದೆ ತೂಗುಹಾಕಿ. ಗಾಳಿಯಾಡದ ದಿನಗಳಲ್ಲಿ ಟೇಬಲ್ ಫ್ಯಾನನ್ನು ಒಂದೆರಡು ತಾಸು ನಿಧಾನವಾಗಿ ಓಡಿಸುವುದನ್ನು ನೋಡಿ ನೆರೆಯವರು ನಕ್ಕರೂ ಚಿಂತೆಯಿಲ್ಲ.

ಪ್ರಶ್ನೆ: ನಮ್ಮ ಹಲಸಿನ ಮರದಲ್ಲಿ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಬೆಳೆದಿದೆ. ಅದು ಬಂದಳಿಕೆ, ಮರವನ್ನು ತಿನ್ನುತ್ತದೆ, ಕಿತ್ತು ಬಿಸಾಡು ಎನ್ನುತ್ತಾರೆ ಅಪ್ಪಯ್ಯ. ನನಗೆ ಮನಸ್ಸಿಲ್ಲ. ಕಾಡಿನಿಂದ ಇನ್ನೂ ಒಂದೆರಡು ತಂದು ಕಟ್ಟಬೇಕೆಂದಿದ್ದೇನೆ.
— ವಿದ್ಯಾರ್ಥಿನಿ, ಕುಂದಾಪುರ ತಾಲೂಕು

ಉತ್ತರ: ಅಪ್ಪಯ್ಯನವರಿಗೆ ಮರದ ಬಳಿ ನಿಂತೇ ತೋರಿಸಿ. ಬಂದಳಿಕೆ ತನ್ನ ಬೇರನ್ನು ಕೊಂಬೆಯೊಳಕ್ಕೆ ನುಗ್ಗಿಸಿ ಮರದ ರಸವನ್ನು ಹೀರುತ್ತದೆ. ಅದು ಕೂತ ಜಾಗದಲ್ಲಿ ಕೊಂಬೆ ಗಂಟುಗಟ್ಟಿರುತ್ತದೆ. ಸೀತಾಳೆಯ ಬೇರು ತೊಗಟೆಯ ಮೇಲೆಯೇ ಹರಿದಿರುತ್ತದೆ, ಉಗುರಿನಿಂದ ಎಬ್ಬಿಸಿದರೆ ಕೆಳಗಿನ ತೊಗಟೆಗೆ ಗಾಯವೇ ಇರುವುದಿಲ್ಲ. ಮರ ಅದಕ್ಕೆ ನಿಲ್ಲಲು ಜಾಗ ಕೊಡುತ್ತದೆ, ಅಷ್ಟೇ. ಮಳೆಯ ನೀರು, ತೊಗಟೆಯ ಸಂದಿನಲ್ಲಿ ಕೊಳೆತ ಎಲೆ ಮತ್ತು ಧೂಳು ಇವೇ ಅದರ ಊಟ. ದಪ್ಪನೆಯ ಎಲೆಯ ತುದಿಯನ್ನೂ ಗಮನಿಸಿ, ಯಾರೋ ಕಚ್ಚಿ ತೆಗೆದಂತೆ ಸೀಳಿರುತ್ತದೆ. ರಿಂಕೊಸ್ಟೈಲಿಸ್ ರೆಟ್ಯೂಸ ಎಂಬ ಅದರ ಶಾಸ್ತ್ರೀಯ ಹೆಸರಿನ ಎರಡನೆಯ ಪದ ಬಂದದ್ದು ಈ ಮೊಂಡು ತುದಿಯಿಂದಲೇ. ಮೇ–ಜೂನ್ ಹೊತ್ತಿಗೆ ನರಿಯ ಬಾಲದಂತೆ ಇಳಿಬೀಳುವ ಇದೇ ಹೂವನ್ನು ಅಸ್ಸಾಮಿನವರು ತಮ್ಮ ರಾಜ್ಯಪುಷ್ಪವಾಗಿ ಇಟ್ಟುಕೊಂಡಿದ್ದಾರೆ, ಅಲ್ಲಿನ ಹೆಣ್ಣುಮಕ್ಕಳು ಬಿಹು ಕುಣಿತಕ್ಕೆ ಇದನ್ನೇ ಮುಡಿಯುತ್ತಾರೆ.

ಕಾಡಿನಿಂದ ತರುವ ಆಲೋಚನೆಯನ್ನು ಮಾತ್ರ ಕೈಬಿಡಿ. ಮೀಸಲು ಅರಣ್ಯದಿಂದ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧ, ಮತ್ತು ಆರ್ಕಿಡ್‌ಗಳ ಇಡೀ ಕುಟುಂಬವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಕಾಯ್ದೆಯ ಮಾತು ಬದಿಗಿರಲಿ, ಹತ್ತಾರು ವರ್ಷ ಒಂದೇ ತೊಗಟೆಗೆ ಹೊಂದಿಕೊಂಡ ಗಿಡವನ್ನು ಎಬ್ಬಿಸಿದಾಗ ಬೇರುಗಳು ಹರಿದು, ಮನೆಗೆ ಬಂದ ಮೇಲೆ ಬದುಕುವುದು ಕೆಲವೇ ಕೆಲವು. ನಿಮ್ಮ ಹಿತ್ತಲಿನದೇ ಮರದ ಕೊಂಬೆ ಗಾಳಿಗೆ ಮುರಿದುಬಿದ್ದರೆ ಅದರಲ್ಲಿದ್ದ ಸೀತಾಳೆಯನ್ನು ಧಾರಾಳವಾಗಿ ಉಳಿಸಿಕೊಳ್ಳಬಹುದು. ಜೂನ್ ಮೊದಲ ಮಳೆಯಾದ ಮೇಲೆ ಒರಟು ತೊಗಟೆಯ ಮಾವು ಇಲ್ಲವೇ ಹಲಸಿನ ಕೊಂಬೆಗೆ ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿ. ನಾರು ಕೊಳೆತು ಉದುರುವಷ್ಟರಲ್ಲಿ ಹೊಸ ಬೇರು ಕೊಂಬೆಯನ್ನು ಹಿಡಿದಿರುತ್ತದೆ. ತೊಗಟೆ ಉದುರಿಸುವ ಪೇರಳೆ ಮರ ಇದಕ್ಕೆ ಸಲ್ಲದು. ಹೊರಗಿನ ಮರದಲ್ಲಿ ನೆಲೆನಿಂತ ಸೀತಾಳೆಗೆ ಆಟಿಯ ಮಳೆಯ ಹೆದರಿಕೆಯಿಲ್ಲ, ಏಕೆಂದರೆ ಅದರ ಬೇರುಗಳ ಸುತ್ತ ನೀರು ನಿಲ್ಲಿಸುವ ಕುಂಡವೇ ಇಲ್ಲ.

ಪ್ರಶ್ನೆ: ಎಲೆಯ ತುದಿಗಳು ಸುಟ್ಟಂತೆ ಕಂದಾಗಿವೆ. ಕುಂಡದ ತೆಂಗಿನ ಸಿಪ್ಪೆಯ ಮೇಲೆ ಬಿಳಿ ಹುಡಿ ಕಟ್ಟಿದೆ. ಬಾವಿಯ ನೀರನ್ನೇ ಹಾಕುತ್ತೇವೆ.
— ಗೃಹಿಣಿ, ಮಲ್ಪೆ

ಉತ್ತರ: ಆ ಬಿಳಿ ಹುಡಿ ಲವಣ. ಕಡಲಿನ ಹತ್ತಿರದ ಬಾವಿಗಳಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಸಿಹಿನೀರು ತಗ್ಗಿ ಉಪ್ಪು ಏರುವುದು ನಿಮಗೆ ಗೊತ್ತೇ ಇದೆ. ಅನ್ನ ಬೇಯಿಸಲು ಆಗುವ ನೀರು ಆರ್ಕಿಡ್‌ಗೆ ಆಗಬೇಕೆಂದಿಲ್ಲ. ತೆಂಗಿನ ಸಿಪ್ಪೆಯಲ್ಲೂ ಲವಣವಿರುತ್ತದೆ. ಆದ್ದರಿಂದ ಅದನ್ನು ಬಳಸುವ ಮೊದಲು ಮೂರು ನಾಲ್ಕು ದಿನ ನೀರಿನಲ್ಲಿ ನೆನೆಸಿ, ದಿನವೂ ಆ ಕಂದು ನೀರನ್ನು ಚೆಲ್ಲಿ ಹೊಸ ನೀರು ತುಂಬಬೇಕು. ಈಗಿರುವ ಸಿಪ್ಪೆಯನ್ನು ತೆಗೆದುಹಾಕಿ ಹೊಸದನ್ನು ಹಾಕುವುದೇ ಒಳಿತು. ಸೆಪ್ಟೆಂಬರಿನೊಳಗೆ ಮಾಡಿನಿಂದ ಇಳಿಯುವ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು, ಸೊಳ್ಳೆ ಹೊಗದಂತೆ ಬಟ್ಟೆ ಕಟ್ಟಿಡಿ. ನಾಲ್ಕಾರು ಗಿಡಗಳಿಗೆ ಅದು ಬೇಸಿಗೆಯ ಮಧ್ಯದವರೆಗೂ ಸಾಲುತ್ತದೆ. ಅಡುಗೆಮನೆಯ ಆರ್.ಒ. ಯಂತ್ರ ಹೊರಹಾಕುವ ನೀರನ್ನು ಉಳಿತಾಯದ ಹೆಸರಿನಲ್ಲಿ ಗಿಡಕ್ಕೆ ಹೊಯ್ಯುವವರಿದ್ದಾರೆ. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಗೊಬ್ಬರವೂ ಲವಣವೇ ಆದ್ದರಿಂದ 19:19:19 ಅನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ ಗೊಬ್ಬರ) ಲೀಟರಿಗೆ 1 ಗ್ರಾಂ ಮೀರದಂತೆ, ಮೊದಲು ಬೇರನ್ನು ನೆನೆಸಿದ ಮೇಲೆಯೇ ಕೊಡಿ.

ಪ್ರಶ್ನೆ: ಗಿಡದಲ್ಲಿ ಕಾಯಿಯೊಂದು ಬಲಿತಿದೆ. ಬೀಜ ಬಿತ್ತಿ ಸಸಿ ಮಾಡಬಹುದೇ?
— ನಿವೃತ್ತ ಶಿಕ್ಷಕರು, ಪುತ್ತೂರು

ಉತ್ತರ: ಕಾಯಿ ಒಡೆದರೆ ಗೋಧಿಹಿಟ್ಟಿನಂತಹ ಹುಡಿ ಹಾರುತ್ತದೆ, ಅಷ್ಟೂ ಬೀಜಗಳೇ, ಎಣಿಸಿದರೆ ಸಾವಿರಗಟ್ಟಲೆ. ಆದರೆ ಭತ್ತದಲ್ಲೋ ಹುರುಳಿಯಲ್ಲೋ ಇರುವಂತಹ ಆಹಾರದ ಬುತ್ತಿ ಈ ಬೀಜದಲ್ಲಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಒಳಹೊಕ್ಕು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ ಅಗರ್ (ಕಡಲಪಾಚಿಯಿಂದ ತೆಗೆದ ಅಂಟು) ಮೇಲೆ ಮೊಳೆಸಬಹುದೆಂದು ಅಮೆರಿಕದ ಲೂಯಿಸ್ ನುಡ್ಸನ್ 1922ರಲ್ಲಿ ತೋರಿಸಿಕೊಟ್ಟ ಮೇಲೆ ಈ ಕೆಲಸ ಪ್ರಯೋಗಾಲಯದ್ದಾಯಿತು. ಪುತ್ತೂರಿನವರಿಗೆ ಇದರ ಇನ್ನೊಂದು ಉದಾಹರಣೆ ತೋಟದಲ್ಲೇ ಸಿಕ್ಕಿರಬಹುದು. ಇಪ್ಪತ್ತು ವರ್ಷಗಳ ಹಿಂದೆ ಬೆಲೆ ಏರಿ, ಅಷ್ಟೇ ವೇಗದಲ್ಲಿ ಕುಸಿದ ವೆನಿಲ್ಲಾವೂ ಆರ್ಕಿಡ್ ಬಳ್ಳಿಯೇ. ಬೆಳಗ್ಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಿದವರು ಕಾಯಿ ಕೊಯ್ದರೇ ಹೊರತು ಬೀಜ ಬಿತ್ತಲಿಲ್ಲ, ಬಳ್ಳಿಯ ತುಂಡನ್ನೇ ನೆಟ್ಟರು. ನಿಮ್ಮ ಗಿಡ ಚಿಕ್ಕದಾಗಿದ್ದರೆ ಕಾಯಿಯನ್ನು ಕತ್ತರಿಸಿಬಿಡಿ, ಅದನ್ನು ಬಲಿಸುವುದರಲ್ಲೇ ಗಿಡ ಸೊರಗುತ್ತದೆ.

ಪ್ರಶ್ನೆ: ಹೊಸ ಬೇರುಗಳ ಹಸಿರು ತುದಿ ರಾತ್ರೋರಾತ್ರಿ ಮಾಯವಾಗುತ್ತಿದೆ.
— ಓದುಗರು, ಕಾರ್ಕಳ

ಉತ್ತರ: ಬಸವನಹುಳು. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಕುಂಡದ ಅಡಿಯನ್ನೂ ಸಿಪ್ಪೆಯ ಸಂದುಗಳನ್ನೂ ನೋಡಿ, ಕೈಯಿಂದಲೇ ಹೆಕ್ಕಿ. ಉಪ್ಪು ಎರಚಬೇಡಿ, ಕಾರಣವನ್ನು ಮಲ್ಪೆಯವರ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಹೇಳಿದೆ.

ಪ್ರಶ್ನೆ: ಡೆಂಡ್ರೋಬಿಯಂ ಕಾಂಡದ ತುದಿಯಲ್ಲಿ ಹೂವಿನ ಬದಲು ಮರಿಗಿಡ ಬಂದಿದೆ. ಯಾವಾಗ ಬೇರ್ಪಡಿಸಬೇಕು?
— ಓದುಗರೊಬ್ಬರು, ಮಣಿಪಾಲ

ಉತ್ತರ: ಮರಿಯ ಬೇರುಗಳು ಎರಡು ಅಂಗುಲ ಉದ್ದವಾದಾಗ, ತಾಯಿಕಾಂಡದ ಒಂದು ಚಿಕ್ಕ ತುಂಡಿನೊಂದಿಗೆ ಕತ್ತರಿಸಿ. ಚಹಾ ಲೋಟದಷ್ಟು ದೊಡ್ಡ ಕುಂಡ ಸಾಕು. ದೊಡ್ಡ ಕುಂಡದಲ್ಲಿ ಬೇರಿಲ್ಲದ ಜಾಗವೆಲ್ಲ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮರಿ ಬಂತೆಂದು ಸಂತೋಷಪಡುವ ಮುನ್ನ ತಾಯಿಗಿಡವನ್ನು ಕುಂಡದಿಂದ ಎತ್ತಿ ನೋಡಿ. ಕೆಳಗೆ ಬೇರು ಕೊಳೆತಾಗಲೂ ಡೆಂಡ್ರೋಬಿಯಂ ಹೀಗೆ ಮೇಲಿನಿಂದ ಮರಿ ಹಾಕಿ ತಪ್ಪಿಸಿಕೊಳ್ಳಲು ನೋಡುತ್ತದೆ.