ಶ್ವಾಸಕೋಶದ ಹುಳಕ್ಕೆ ಔಷಧಿ ಮುಗಿದರೂ ಬೆಕ್ಕಿನ ಮರಿಯ ಕೆಮ್ಮು ನಿಂತಿಲ್ಲವೇ?

ಅಕ್ಕಾ, ಏಳು ತಿಂಗಳ ಮರಿಗೆ ಶ್ವಾಸಕೋಶದ ಹುಳಕ್ಕೆ ಔಷಧಿ ಕೊಟ್ಟು ಒಂದು ತಿಂಗಳಾಯಿತು, ಇನ್ನೂ ಕೆಮ್ಮುತ್ತಿದೆ, ಮುಂದಿನ ವಾರ ಮರಿ ಆಗದಂತೆ ಆಪರೇಷನ್ ಮಾಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಸದ್ಯಕ್ಕೆ ಮುಂದೂಡಿ. ಈ ಹುಳ ಇರುವ ಎಳೆ ಬೆಕ್ಕುಗಳು ಅರಿವಳಿಕೆ ಕೊಟ್ಟಾಗ ಸತ್ತಿರುವುದುಂಟು. ಹೊರಗೆ ಚೆನ್ನಾಗಿ ಆಡಿಕೊಂಡಿದ್ದ ಮರಿಗಳೂ ಅದರಲ್ಲಿವೆ.

ನನ್ನ ಮರಿಗೂ ಈ ಹುಳ ಬಂದಿತ್ತು. ಕುಕ್ಕರಿಸಿ, ಕತ್ತು ನೆಲಕ್ಕೆ ಚಾಚಿ ಕೆಮ್ಮುತ್ತಿತ್ತು. ಏನೂ ಹೊರಗೆ ಬರುತ್ತಿರಲಿಲ್ಲ, ಕೊನೆಗೆ ಒಂದು ಸಲ ಗುಟುಕ್ ಅಂತ ನುಂಗುತ್ತಿತ್ತು. ಕೂದಲಿನ ಉಂಡೆ ಇರಬೇಕು ಅಂದುಕೊಂಡು ಎರಡು ವಾರ ಸುಮ್ನೆ ಇದ್ದುಬಿಟ್ಟೆ. ಈಗಲೂ ಅದಕ್ಕೆ ಬೇಜಾರಿದೆ. ಶ್ವಾಸಕೋಶದಲ್ಲಿ ಹುಟ್ಟಿದ ಮರಿಹುಳಗಳು ಕೆಮ್ಮಿನ ಜೊತೆ ಗಂಟಲಿಗೆ ಬರುತ್ತವೆ. ಬೆಕ್ಕು ಅವನ್ನು ನುಂಗುತ್ತದೆ, ಆಮೇಲೆ ಮಲದಲ್ಲಿ ಹೊರಗೆ ಹೋಗುತ್ತವೆ.

ಅದಕ್ಕೇ ಮೊದಲು ಮಲ ಪರೀಕ್ಷೆ ಮತ್ತೆ ಮಾಡಿಸಿ. ಮಾಮೂಲಿ ಪರೀಕ್ಷೆಯಲ್ಲಿ ಇದು ತಪ್ಪಿಹೋಗುವುದು ಜಾಸ್ತಿ, 'ಬೇರ್‌ಮನ್ ಪರೀಕ್ಷೆ' (ಮಲವನ್ನು ನೀರಿನಲ್ಲಿಟ್ಟು, ಅದರಿಂದ ಹೊರಬರುವ ಜೀವಂತ ಮರಿಹುಳಗಳನ್ನು ಹುಡುಕುವ ಪರೀಕ್ಷೆ) ಅಂತಲೇ ಕೇಳಿ. ಮರಿಹುಳ ದಿನಾ ಬೀಳುವುದಿಲ್ಲ, ಹಾಗಾಗಿ ಮೂರು ದಿನದ ತಾಜಾ ಮಲ ಕೊಡಿ. ಟ್ರೇಯಿಂದಲೇ ತೆಗೆಯಿರಿ. ಮಣ್ಣಿನ ಮೇಲಿಂದ ತೆಗೆದರೆ ಮಣ್ಣಿನ ಹುಳಗಳೂ ಸೇರಿ ಗೊಂದಲವಾಗುತ್ತದೆ.

ಹುಳ ಇಲ್ಲ ಅಂತ ಬಂದರೂ ಎದೆಯ ಎಕ್ಸ್‌ರೇ ಬೇಕು. ಹುಳ ಸತ್ತ ತಕ್ಷಣ ಶ್ವಾಸಕೋಶ ವಾಸಿಯಾಗುವುದಿಲ್ಲ. ಅಲ್ಲಿನ ರಕ್ತನಾಳಗಳ ಗೋಡೆ ದಪ್ಪವಾಗಿ ಬಹಳ ಕಾಲ ಹಾಗೇ ಉಳಿಯಬಹುದು. ಕೆಲವು ಮರಿಗಳಲ್ಲಿ ಶ್ವಾಸಕೋಶದ ರಕ್ತದೊತ್ತಡ ಏರಿ ಹೃದಯದ ಬಲಭಾಗಕ್ಕೆ ಹೊರೆಯಾಗುತ್ತದೆ. ಎದೆಗೂಡಲ್ಲಿ ಗಾಳಿ ಅಥವಾ ನೀರು ತುಂಬುವುದೂ ಇದೆ. ಎಕ್ಸ್‌ರೇಯಲ್ಲಿ ಅಸ್ತಮಾ ತರಹವೇ ಕಾಣಬಹುದು, ಆದ್ದರಿಂದ ಹಿಂದೆ ಹುಳ ಇತ್ತು ಅಂತ ಡಾಕ್ಟರಿಗೆ ನೀವೇ ಹೇಳಿ. ಹೃದಯದ ಸ್ಕ್ಯಾನ್ ಬೇಕಾ ಅಂತಲೂ ಕೇಳಿ.

ಮನೆಯಲ್ಲಿದ್ದ ಜಂತುಹುಳದ ಮಾತ್ರೆ ಕೊಡಬೇಡಿ. ಎಲ್ಲ ಮಾತ್ರೆಯೂ ಈ ಹುಳಕ್ಕೆ ನಾಟುವುದಿಲ್ಲ. ಬಸವನಹುಳು ತಿಂದ ಇಲಿ, ಹಲ್ಲಿ, ಹಕ್ಕಿಗಳಿಂದ ಇದು ಬರುತ್ತದೆ, ಹಾಗಾಗಿ ಬೇಟೆಗೆ ಬಿಟ್ಟರೆ ಮತ್ತೆ ಬರಬಹುದು.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಮರಿ ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏಳುವುದನ್ನು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ದಿನಾ ಬರೆದಿಡಿ. ನಿಮಿಷಕ್ಕೆ 30ಕ್ಕಿಂತ ಜಾಸ್ತಿಯೇ ಬರುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಬಾಯಿ ತೆರೆದು ಉಸಿರಾಡಿದರೆ, ವಸಡು ನೀಲಿಯಾದರೆ ಆ ಕ್ಷಣವೇ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ.